ಚಾಡಿಕಲ್ಲಿಗೆ ಆ ಹೆಸರು ಬಂದದ್ದು

ಇರುಗದುರ್ಗದ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಮೊದಲು ಕಾಣುವುದು ಕೋಟೆಯಲ್ಲ, ಕಾಲೇಜು. ಗುಡ್ಡದ ಮೂಡಣ ಇಳಿಜಾರಿನಲ್ಲಿ ಕೆಂಪು ಹೆಂಚಿನ ತರಗತಿಗಳು, ಅವುಗಳ ಮೇಲೆ ಹಾಸ್ಟೆಲ್ಲುಗಳ ಸಾಲು, ಅದನ್ನೂ ದಾಟಿ ಕತ್ತೆತ್ತಿದರೆ ಆಗ ಕೋಟೆಯ ಗೋಡೆ. ರಜೆಯ ದಿನ ಬಂದವರನ್ನು ಆಟೊದವರು ಮೊದಲು ಕೋಟೆಗೆ, ಅಲ್ಲಿಂದ ಸೂರ್ಯಾಸ್ತ ನೋಡುವ ಕಟ್ಟೆಗೆ, ಆಮೇಲೆ ಮೂಗನಹಳ್ಳ ಧುಮುಕುವ ಅಬ್ಬಿಗೆ ಕರೆದೊಯ್ದು, ಕೊನೆಯಲ್ಲಿ ಅಬ್ಬಿಯ ಪಕ್ಕದ ಚಾಡಿಕಲ್ಲಿನ ಮುಂದೆ ಇಳಿಸುತ್ತಾರೆ. ಮೊರವನ್ನು ಮಗ್ಗುಲಾಗಿ ನಿಲ್ಲಿಸಿದ ಹಾಗೆ ಒಳಕ್ಕೆ ಬಾಗಿದ ದೊಡ್ಡ ಕರಿಬಂಡೆ ಅದು. ಅದರ ಮೇಲ್ತುದಿಯ ಹಾಸಿನಲ್ಲಿ ನಿಂತರೆ ನೀರಿನ ಸದ್ದಿಗೆ ಮಾರು ದೂರದಲ್ಲಿರುವವರ ಮಾತೂ ಕೇಳುವುದಿಲ್ಲ. ಆದರೆ ಅಲ್ಲಿ ಆಡಿದ ಮಾತು ಬಂಡೆಯ ಬಾಗನ್ನು ಹಿಡಿದು ಜಾರಿ, ಕೆಳಗಿನ ಇಳಿಜಾರಿನ ಪೊಟರೆಯಲ್ಲಿ ಕೂತವರ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಕಾಲೇಜಿನ ಹುಡುಗ ಹುಡುಗಿಯರಿಗೆ ಇದೊಂದು ಆಟ. ಪಕ್ಕದಲ್ಲಿ ನೆಟ್ಟಿರುವ ಹಲಗೆಯಲ್ಲಿ, 'ರಾಜದ್ರೋಹಿ ತಮ್ಮನ ಗುಟ್ಟನ್ನು ದೊರೆಗೆ ತಿಳಿಸಿದ ಸ್ವಾಮಿನಿಷ್ಠ ಬಂಡೆ' ಎಂದು ಬರೆದಿದ್ದಾರೆ. ಇದೇ ಕಾಲೇಜಿನಲ್ಲಿ ಬಹುಕಾಲ ಇತಿಹಾಸ ಪಾಠ ಹೇಳಿದ ನನಗೆ ಆ ವಾಕ್ಯ ಮೊದಲಿನಿಂದಲೂ ಗಂಟಲಲ್ಲಿ ಇಳಿದಿಲ್ಲ. ದೊರೆ ಕೂರುತ್ತಿದ್ದದ್ದು ಮೇಲೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮಾತು ಇಳಿಯುವುದು ಕೆಳಕ್ಕೆ. ಹಾಗಿದ್ದ ಮೇಲೆ ಬಂಡೆ ಯಾರ ಗುಟ್ಟನ್ನು ಯಾರಿಗೆ ಹೇಳಿತು? ಹಾಸ್ಟೆಲ್ಲಿನ ಅಡುಗೆಮನೆಗೆ ಮೊರ, ಬುಟ್ಟಿ ತಂದುಕೊಡುತ್ತಿದ್ದ ಮೇದರಕೇರಿಯ ಸಣ್ಣೀರವ್ವನನ್ನು ಒಮ್ಮೆ ಹೀಗೇ ಕೇಳಿದೆ. ಅವಳು ಹೇಳಿದ್ದನ್ನು, ನನ್ನ ಅನುಮಾನಗಳನ್ನು ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಈ ದುರ್ಗವನ್ನು ಇರುಗಪ್ಪ ನಾಯಕನೆಂಬ ದೊರೆ ಆಳುತ್ತಿದ್ದನಂತೆ. ಅವನ ತಂದೆ ಊಟಕ್ಕೆ ಕುಳಿತವನು ಎಲೆಯ ಮುಂದೆಯೇ ಒರಗಿ ಪ್ರಾಣ ಬಿಟ್ಟಿದ್ದ. ವೈದ್ಯರು ಎದೆನೋವು ಎಂದರು. ಮಗ ತಲೆಯಾಡಿಸಿದ, ಆದರೆ ನಂಬಲಿಲ್ಲ. ಪಟ್ಟಕ್ಕೆ ಬಂದವನೇ ಅಡುಗೆಯವರನ್ನೆಲ್ಲ ಬದಲಾಯಿಸಿದ. ಬಡಿಸಿದ್ದನ್ನು ಮೊದಲು ಬೇರೆಯವರು ಉಂಡು, ಅವರು ನೆಟ್ಟಗೆ ಕೂತಿರುವುದನ್ನು ಕಣ್ಣಾರೆ ಕಂಡ ಮೇಲೆ ತಾನು ತುತ್ತೆತ್ತುತ್ತಿದ್ದ. ಮಲಗುವ ಕೋಣೆಯ ಕಿಟಕಿಗಳಿಗೆ ಕಲ್ಲು ಕಟ್ಟಿಸಿದ. ಅಂಗಳದಲ್ಲಿ ಇಬ್ಬರು ನಗುತ್ತಿದ್ದರೆ ಏನು ಮಾತೆಂದು ಕೇಳಿಬರಲು ಆಳು ಕಳಿಸುತ್ತಿದ್ದ. ಅವನಿಗೆ ಬುಳ್ಳಪ್ಪನೆಂಬ ಒಬ್ಬನೇ ತಮ್ಮ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಅಣ್ಣನ ಹೆಗಲ ಮೇಲೆ ಬೆಳೆದವನು. ಕೋಟೆಯಿಂದಿಳಿದು ಕೇರಿಕೇರಿ ತಿರುಗುವುದು, ಕಮ್ಮಾರನ ಕುಲುಮೆಯ ಮುಂದೆ, ಮೇದರ ಜಗಲಿಯ ಮೇಲೆ ಕೂತು ಹರಟುವುದು ಅವನ ಅಭ್ಯಾಸ. ಅವನು ಬಂದರೆ ಜನ ಎದ್ದು ನಿಲ್ಲುತ್ತಿರಲಿಲ್ಲ, ಸರಿದು ಜಾಗ ಕೊಡುತ್ತಿದ್ದರು. ಈ ಸುದ್ದಿಯನ್ನು ದೊರೆಗೆ ಮುಟ್ಟಿಸುವವರಿದ್ದರು, ಮುಟ್ಟಿಸಿದರು. ದೊರೆ ಕೇಳಿ ಸುಮ್ಮನಾದ. ಆ ಸುಮ್ಮನಿರುವಿಕೆಯೇ ಒಳ್ಳೆಯದಲ್ಲವೆಂದು ಅರಮನೆಯಲ್ಲಿ ಬಲ್ಲವರಿಗೆ ಗೊತ್ತಿತ್ತು.

ಅರಮನೆಯ ಗೋಡೆಗಳ ಮೇಲೆ ನಂಬಿಕೆ ಹೋದ ಮೇಲೆ ದೊರೆ ತನ್ನ ಗುಟ್ಟಿನ ಸಭೆಯನ್ನು ಅಬ್ಬಿಯ ಪಕ್ಕದ ಈ ಬಂಡೆಗೆ ತಂದ. ಸಭೆಯೆಂದರೆ ಅವನು, ತಮ್ಮ ಬುಳ್ಳಪ್ಪ, ಮುದಿ ಪ್ರಧಾನಿ ಲಿಂಗರಸ, ಇಷ್ಟೇ ಜನ. ತುಸು ದೂರದಲ್ಲಿ ನಿಲ್ಲುತ್ತಿದ್ದ ಕಾವಲಿನವರಿಗೆ ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಒಂದಕ್ಷರವೂ ಕೇಳುತ್ತಿರಲಿಲ್ಲ. ಇದನ್ನು ದೊರೆ ತಾನೇ ನಿಂತು ಪರೀಕ್ಷಿಸಿ ನೋಡಿದ್ದ. ಅಲ್ಲಿ ನಡೆಯುತ್ತಿದ್ದ ಮಾತೆಲ್ಲ ಒಂದೇ: ಯಾರ ಮೇಲೆ ಸಂಶಯ, ಯಾರನ್ನು ಹಿಡಿದು ತರಬೇಕು. ಹಾಗೆ ಹಿಡಿದು ತಂದವರನ್ನು ಕೋಟೆಯ ನೆಲಮಾಳಿಗೆಗೆ ಇಳಿಸುತ್ತಿದ್ದರು. ಇಳಿದವರು ಹತ್ತಿ ಬಂದದ್ದನ್ನು ಕಂಡವರಿಲ್ಲ ಎನ್ನುತ್ತಾರೆ.

ಬಂಡೆಯ ಕೆಳಗಿನ ಇಳಿಜಾರಿನಲ್ಲಿ ಮೇದರಕೇರಿ ಇತ್ತು. ಅಲ್ಲಿಯ ಹೆಂಗಸರು ಬೇಸಗೆಯ ಮಧ್ಯಾಹ್ನ ಪೊಟರೆಯ ತಂಪಿನಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದರು. ಸೀಳಿದ ಬಿದಿರು ಬಿಸಿಲಿಗೆ ಸಿಬಿರೆದ್ದು ಮುರಿಯುತ್ತದೆ. ಅವರಲ್ಲಿ ದ್ಯಾವಕ್ಕ ಎಂಬ ಮುದಿ ವಿಧವೆ ಎಲ್ಲರಿಗಿಂತ ಮೊದಲು ಬಂದು ಕೂರುವವಳು. ಒಂದು ದಿನ ಒಬ್ಬಳೇ ಇದ್ದಾಗ ಬೆನ್ನ ಹಿಂದಿನ ಕಲ್ಲಿನಿಂದ ಗಂಡಸಿನ ದನಿ ಬಂತು. ಕಣಿವೆಯಾಚೆಯ ಊರಿನ ಗೌಡನನ್ನು ನಾಳೆ ಹಿಡಿದು ತರಬೇಕು ಎಂದಿತು ಆ ದನಿ. ದ್ಯಾವಕ್ಕ ದೆವ್ವವೆಂದು ಹೆದರಿ ಬಿದಿರನ್ನು ಬಿಟ್ಟು ಎದ್ದಳು. ಅಷ್ಟರಲ್ಲಿ ಕಲ್ಲಿನಿಂದ ಇನ್ನೊಬ್ಬರ ಕೆಮ್ಮು ಕೇಳಿಸಿತು. ಪ್ರಧಾನಿ ಲಿಂಗರಸರ ಕೆಮ್ಮು ಊರಿಗೆಲ್ಲ ಗೊತ್ತು. ದೆವ್ವಕ್ಕೆ ಕೆಮ್ಮು ಬರುವುದಿಲ್ಲ ಎಂದುಕೊಂಡು ಅವಳು ಮತ್ತೆ ಕೂತು ಪೂರ್ತಿ ಕೇಳಿದಳು. ಅಂದೇ ಸಂಜೆ ತಲೆಯ ಮೇಲೆ ಬುಟ್ಟಿ ಹೊತ್ತು ಗೌಡನ ಹಿತ್ತಿಲಿಗೆ ಹೋದಳು. ಮರುದಿನ ಕಾವಲಿನವರು ಬಾಗಿಲು ಮುರಿದಾಗ ಒಲೆಯ ಬೂದಿ ಬೆಚ್ಚಗಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ.

ಹೀಗೆ ಮತ್ತೆ ಮತ್ತೆ ಆಯಿತು. ಮೇದರಕೇರಿಯ ಹೆಂಗಸರು ಈ ವಿಷಯವನ್ನು ತಮ್ಮ ಗಂಡಂದಿರಿಗೂ ಹೇಳದೆ ಕಾಪಾಡಿದರು ಎನ್ನುತ್ತಾರೆ. ದೊರೆಯ ಸಂಶಯ ಮೊದಲು ಲಿಂಗರಸನ ಮೇಲೆ ತಿರುಗಿತು. ಮೂರು ತಲೆಮಾರು ದುರ್ಗದ ಅನ್ನ ಉಂಡ ಮನೆತನವೆಂದು ಕೊಲ್ಲಲಿಲ್ಲ. ಮನೆ, ಹೊಲ ಕಿತ್ತುಕೊಂಡು, ಸಂಸಾರ ಸಮೇತ ಬಯಲುಸೀಮೆಗೆ ಅಟ್ಟಿದ. ಆಮೇಲೂ ಮನೆಗಳು ಖಾಲಿಯಾಗುತ್ತಲೇ ಇದ್ದವು. ಆಗ ದೊರೆ ಒಂದು ಉಪಾಯ ಮಾಡಿದ. ತಮ್ಮನೊಬ್ಬನನ್ನೇ ಬಂಡೆಗೆ ಕರೆದು, ಕಮ್ಮಾರ ಕಾಳಾಚಾರಿ ವೈರಿಗೆ ಕತ್ತಿ ಮಾಡಿ ಕೊಡುತ್ತಿದ್ದಾನೆ, ನಾಳೆ ಅವನನ್ನು ಹಿಡಿಯುತ್ತೇನೆ, ನಿನ್ನನ್ನು ಬಿಟ್ಟು ಯಾರಿಗೂ ಹೇಳಿಲ್ಲ ಎಂದ. ಬುಳ್ಳಪ್ಪ ಕಾಳಾಚಾರಿಯ ಪರವಾಗಿ ಬೇಡಿಕೊಂಡ, ದೊರೆ ಎದ್ದುಹೋದ. ಬೆಳಗಾಗುವಾಗ ಕುಲುಮೆ ಆರಿತ್ತು, ಕಮ್ಮಾರನ ಮನೆಯವರೆಲ್ಲ ಗಡಿ ದಾಟಿದ್ದರು. ಮಾತು ಗೊತ್ತಿದ್ದದ್ದು ಇಬ್ಬರಿಗೆ, ತಾನು ಹೇಳಿಲ್ಲ, ಅಂದಮೇಲೆ ಹೇಳಿದವನು ತಮ್ಮನೇ. ದೊರೆಯ ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಹುಡುಕಲು ಬರುವುದಿಲ್ಲ. ಇಬ್ಬರೇ ಇದ್ದೆವು ಎಂದು ಅವನು ಹೇಗೆ ನಂಬಿದ, ಯಾವುದನ್ನೂ ನಂಬದವನು ಅದೊಂದನ್ನೇ ಏಕೆ ನಂಬಿದ, ಎಂಬುದು ಮಾತ್ರ ನನಗೆ ಇಂದಿಗೂ ಹೊಳೆದಿಲ್ಲ.

ಕಾವಲಿನ ದಳವಾಯಿಯನ್ನು ಅದೇ ಬಂಡೆಯ ಮೇಲೆ ಕೂರಿಸಿಕೊಂಡು ದೊರೆ ಆಜ್ಞೆ ಕೊಟ್ಟ: ನಾಳೆ ಅರಮನೆಯ ಸಭೆಯ ಮುಂದೆ ಬುಳ್ಳಪ್ಪನನ್ನು ವಿಚಾರಿಸುವುದು, ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ, ಅಬ್ಬಿಯ ತಲೆಯಿಂದ ನೂಕುವುದು. ಕೆಳಗೆ ದ್ಯಾವಕ್ಕನ ಕೈಯಲ್ಲಿದ್ದ ಬಿದಿರಿನ ಸೀಳು ಅಂಗೈಗೆ ಹೊಕ್ಕಿತು. ಅವಳಿಗೆ ಅದು ತಿಳಿದದ್ದು ಕೋಟೆಯ ಬಾಗಿಲು ಮುಟ್ಟಿದ ಮೇಲೆ. ಹೊಸ ಮೊರಗಳನ್ನು ಕೊಡಬೇಕೆಂದು ಹೇಳಿ ಒಳಹೊಕ್ಕು, ಬುಳ್ಳಪ್ಪನನ್ನು ಕಂಡು, ಇದ್ದದ್ದೆಲ್ಲ ಹೇಳಿದಳು. ಪೊಟರೆಯ ವಿಷಯ, ಇಷ್ಟು ದಿನ ಸುದ್ದಿ ಮುಟ್ಟಿಸಿದವರು ತಾವೇ ಎಂಬ ವಿಷಯ, ಎಲ್ಲವನ್ನೂ. ಬುಳ್ಳಪ್ಪ, ಕಾಳಾಚಾರಿಯ ಮಕ್ಕಳು ಕ್ಷೇಮವಾಗಿ ಗಡಿ ದಾಟಿದರೇ ಎಂದು ಮೊದಲು ಕೇಳಿದ. ದಾಟಿದರೆಂದು ಹೇಳಿ ಅವಳು ಅವನ ಕಾಲು ಹಿಡಿದಳು.

"ಈಗಲೇ ಓಡಿಹೋಗಿ ಬುದ್ಧಿ. ಇಲ್ಲ ಅಂದ್ರೆ ನಾನೇ ದೊರೆ ಮುಂದೆ ನಿಂತು ನಾನೇ ಹೇಳ್ದೋಳು ಅಂತೀನಿ."

"ನಾನು ಓಡಿದ್ರೆ ಹೌದು ಅಂತ ಒಪ್ಪಿದ ಹಾಗೆ," ಎಂದ ಬುಳ್ಳಪ್ಪ. "ನೀನು ಹೇಳಿದ್ರೆ ನಿನ್ನೊಬ್ಬಳಿಗೇ ಮುಗಿಯಲ್ಲ, ದ್ಯಾವಕ್ಕ. ನಿಮ್ಮ ಕೇರೀಲಿ ಕೂಸೂ ಉಳಿಯಲ್ಲ. ಮನೆಗೆ ಹೋಗು. ಅಣ್ಣ ನನ್ನನ್ನ ಎತ್ತಿ ಬೆಳೆಸಿದೋನು. ಮುಖ ನೋಡಿದ ಮೇಲೆ ಅವನ ಕೈಯಲ್ಲಿ ಆಗಲ್ಲ."

ಅವನು ಇದನ್ನು ನಿಜವಾಗಿ ನಂಬಿ ಹೇಳಿದನೋ, ಅವಳನ್ನು ಮನೆಗೆ ಕಳಿಸುವುದಕ್ಕಾಗಿ ಹೇಳಿದನೋ, ಯಾರು ಬಲ್ಲರು? ಸಣ್ಣೀರವ್ವ, ನಂಬಿಯೇ ಹೇಳಿದ ಎನ್ನುತ್ತಿದ್ದಳು. ಮರುದಿನ ಸಭೆಯಲ್ಲಿ ದೊರೆ ತಮ್ಮನ ಮುಖ ನೋಡಲೇ ಇಲ್ಲವಂತೆ. ನೆಲ ನೋಡುತ್ತ, ಕಮ್ಮಾರನಿಗೆ ಹೇಳಿದವರು ಯಾರು ಎಂದು ಕೇಳಿದ. ನಾನಲ್ಲ ಎಂದ ಬುಳ್ಳಪ್ಪ. ಹಾಗಾದರೆ ಯಾರು ಎಂದು ಕೇಳಿದ. ಅದಕ್ಕೆ ಬುಳ್ಳಪ್ಪ ಉತ್ತರ ಕೊಡಲಿಲ್ಲ. ಗೊತ್ತಿಲ್ಲ ಎಂದಿದ್ದರೆ, ಆಜ್ಞೆ ಮೊದಲೇ ಆಗಿದ್ದರೂ, ದೊರೆಯ ಮನಸ್ಸು ತಿರುಗುತ್ತಿತ್ತೋ ಏನೋ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಆ ಮೌನವನ್ನೇ ದೊರೆ ಒಪ್ಪಿಗೆಯೆಂದು ತೆಗೆದುಕೊಂಡ. ಬುಳ್ಳಪ್ಪ ಅಬ್ಬಿಯ ತಲೆಯವರೆಗೆ ಯಾರ ಕೈಯನ್ನೂ ಹಿಡಿಯದೆ ತಾನಾಗಿ ನಡೆದುಹೋದ ಎನ್ನುತ್ತಾರೆ.

ಆಮೇಲೆ ದೊರೆಗೆ ಬಂಡೆಯ ಸಭೆಗೆ ಕರೆಯಲು ಯಾರೂ ಉಳಿಯಲಿಲ್ಲ. ಆದರೂ ಅವನು ಬಂಡೆಗೆ ಹೋಗುವುದನ್ನು ಬಿಡಲಿಲ್ಲ. ಒಬ್ಬನೇ ಕೂತು, ನೀರಿನ ಸದ್ದಿನ ಧೈರ್ಯದಿಂದ, ಬಾಯಿ ಬಿಟ್ಟು ತನ್ನಷ್ಟಕ್ಕೆ ಮಾತಾಡುತ್ತಿದ್ದ. ಕೆಳಗಿನವರು ಕೇಳುತ್ತಿದ್ದರು. ಮೊದಮೊದಲು ತಮ್ಮನನ್ನು ಬೈಯುವ ಮಾತು. ಬರಬರುತ್ತ ಅವನ ಎಳವೆಯ ಮಾತು: ಅಮ್ಮ ಸತ್ತ ದಿನ ಹೆಗಲ ಮೇಲೆ ನಿದ್ದೆ ಹೋಗಿದ್ದು, ಬೆರಳು ಬಿಡದೆ ಹಿಡಿದುಕೊಂಡಿದ್ದು. ಕೇಳಲಾರದೆ ಹೆಂಗಸರು ಒಬ್ಬೊಬ್ಬರಾಗಿ ಪೊಟರೆಗೆ ಬರುವುದನ್ನು ಬಿಟ್ಟರು. ದ್ಯಾವಕ್ಕ ಒಬ್ಬಳು ಬಿಡಲಿಲ್ಲ. ಬೇಸಗೆ ಬಲಿತು ಅಬ್ಬಿ ದಾರದಷ್ಟು ತೆಳುವಾದ ಒಂದು ಮಧ್ಯಾಹ್ನ ಕಲ್ಲಿನಿಂದ ದೊರೆಯ ದನಿ ಬಂತು: "ಬುಳ್ಳ, ನಾನು ತಪ್ಪು ಮಾಡಿದೆನೇನೋ?"

ದ್ಯಾವಕ್ಕ ಬಿದಿರನ್ನು ಕೆಳಗಿಟ್ಟು, ಕಲ್ಲಿನ ಕಡೆ ತಿರುಗಿ, ಗಟ್ಟಿಯಾಗಿ ಅಂದಳು: "ಹೌದು, ಬುದ್ಧಿ. ತಪ್ಪು ಮಾಡಿದ್ರಿ."

ನೀರಿನ ಸದ್ದು ತಗ್ಗಿದಾಗ ಮಾತು ಬಂಡೆಯ ಬಾಗನ್ನು ಹಿಡಿದು ಮೇಲಕ್ಕೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ದೊರೆ ಮೊದಲು ತಮ್ಮನ ಆತ್ಮವೆಂದು ನಡುಗಿದ. ಆಮೇಲೆ, ಹೆಣ್ಣು ದನಿಯಲ್ಲವೇ ಎಂದು ಸಂಶಯಪಟ್ಟ. ಜನ್ಮದಲ್ಲಿ ಅವನಿಗೆ ಬಂದ ನ್ಯಾಯವಾದ ಸಂಶಯ ಅದೊಂದೇ ಎಂದು ಸಣ್ಣೀರವ್ವ ಹೇಳುವಾಗ ನಗಲಿಲ್ಲ. ಕಾವಲಿನವರನ್ನು ಮೇಲೆಯೇ ನಿಲ್ಲಿಸಿ, ಮುಳ್ಳುಪೊದೆ ಹಿಡಿದುಕೊಂಡು ಇಳಿದು ಬಂದ ದೊರೆ, ಪೊಟರೆಯಲ್ಲಿ ಅರ್ಧ ಹೆಣೆದ ಬುಟ್ಟಿಯ ಮುಂದೆ ಕೂತಿದ್ದ ಮುದುಕಿಯನ್ನು ಕಂಡ. ಅವಳು ಏಳಲಿಲ್ಲ, ಓಡಲಿಲ್ಲ, ಮೊದಲಿನಿಂದ ಕೊನೆಯವರೆಗೆ ಹೇಳಿದಳು.

"ಅವನಿಗೆ ಇದು ಗೊತ್ತಿತ್ತೇ?" ಎಂದು ದೊರೆ ಕೇಳಿದ.

"ಹಿಂದಿನ ದಿನ ಸಂಜೆ ನಾನೇ ಹೋಗಿ ಹೇಳಿದ್ದೆ. ಒಂದು ಮಾತು ಆಡಿದ್ರೆ ಅವರು ಉಳೀತಿದ್ರು, ನಾವು ಸಾಯ್ತಿದ್ವಿ. ಈಗ ನಿಮಗೂ ಗೊತ್ತಾಯ್ತು, ಬುದ್ಧಿ. ಕೇರಿ ಅಲ್ಲೇ ಐತೆ."

ದೊರೆ ಕೇರಿಯ ಕಡೆ ನೋಡಿದ. ಅಂಗಳದಲ್ಲಿ ಮಕ್ಕಳಿದ್ದರು. ಅವನು ಅಲ್ಲೇ ನೆಲದ ಮೇಲೆ ಕುಳಿತ, ಹೊತ್ತಿಳಿಯುವವರೆಗೆ ಏಳಲಿಲ್ಲ. ಅಂದಿನಿಂದ ನೆಲಮಾಳಿಗೆಗೆ ಯಾರನ್ನೂ ಇಳಿಸಲಿಲ್ಲ, ಮೇದರಕೇರಿಯ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಲಿಲ್ಲ, ಲಿಂಗರಸನನ್ನು ಹುಡುಕಿ ಕರೆತರಲು ಆಳು ಕಳಿಸಿದ. ಆ ಮುದುಕ ಬರಲು ಒಪ್ಪಲಿಲ್ಲ. ಇಷ್ಟೆಲ್ಲ ಮಾಡಿದವನು ಒಂದನ್ನು ಮಾಡಲಿಲ್ಲ. ತಮ್ಮ ನಿರಪರಾಧಿಯೆಂದು ಸಭೆಯಲ್ಲಿ ಹೇಳಲಿಲ್ಲ. ಬಂಡೆ ಚಾಡಿ ಹೇಳಿತು ಎಂದಷ್ಟೇ ಡಂಗುರ ಸಾರಿಸಿದ. ಬಂಡೆಗೆ ಚಾಡಿಕಲ್ಲು ಎಂಬ ಹೆಸರು ಬಂದದ್ದು ಹಾಗೆ. ಯಾರ ಚಾಡಿ, ಯಾರಿಗೆ ಎಂದು ಬಿಡಿಸಿ ಹೇಳದಿದ್ದ ಕಾರಣ, ಕಾಲ ಕಳೆದಂತೆ ಜನ, ಬಂಡೆ ದೊರೆಗೆ ಹೇಳಿದ್ದು ಬುಳ್ಳಪ್ಪನ ದ್ರೋಹವನ್ನೇ ಎಂದುಕೊಂಡರು. ಹಲಗೆಯ ವಾಕ್ಯ ಹುಟ್ಟಿದ್ದು ಅಲ್ಲಿಂದ. ದೊರೆ ನಾಚಿಕೆಯಿಂದ ಮುಚ್ಚಿಟ್ಟನೆಂದು ಕೆಲವರು, ಮೇದರಕೇರಿಯನ್ನು ತನ್ನ ಜನರ ಕೋಪದಿಂದ ಕಾಪಾಡಲು ಮುಚ್ಚಿಟ್ಟನೆಂದು ಕೆಲವರು ಹೇಳುತ್ತಾರೆ. ನನಗೆ ಎರಡರ ಮೇಲೂ ಪೂರ್ತಿ ನಂಬಿಕೆಯಿಲ್ಲ. ಕಲ್ಲಿನ ಮೇಲೆ ತಪ್ಪು ಹೊರಿಸಿದರೆ ಅದು ತಿರುಗಿ ಕೇಳುವುದಿಲ್ಲವೆಂದು ಅವನು ತಿಳಿದಿದ್ದ ಎಂದೇ ನನ್ನ ಅನುಮಾನ.

ಇಂದು ಹೋದವರು ಬಂಡೆಯ ಮೇಲಂಚಿನಲ್ಲಿ ಉಳಿಯಿಂದ ಕೊರೆದ ಚೌಕ ಕುಳಿಗಳ ಸಾಲನ್ನು ನೋಡಬಹುದು. ಕಲ್ಲನ್ನು ಸೀಳಿಹಾಕಲು ದೊರೆ ಕಲ್ಲುಕುಟಿಗರನ್ನು ತಂದನಂತೆ. ಕುಳಿಗಳು ನಡುವಿನವರೆಗೆ ಬಂದು ನಿಂತಿವೆ, ಮುಂದೆ ಬಂಡೆ ನುಣುಪಾಗಿಯೇ ಇದೆ. ಉಳಿಗಳು ಮುರಿದವೆಂದು ಆಟೊದವರು ಹೇಳುತ್ತಾರೆ. ಸೀಳಿದರೆ ತನ್ನ ಮಾತು ಯಾರಿಗೂ ಕೇಳದಂತಾಗುತ್ತದೆಂದು ದೊರೆಯೇ ನಿಲ್ಲಿಸಿದನೆಂದು ಮೇದರು ಹೇಳುತ್ತಾರೆ. ಅವರು ಅದನ್ನು ಚಾಡಿಕಲ್ಲು ಎಂದು ಕರೆಯುವುದಿಲ್ಲ, ಬುಳ್ಳಪ್ಪನ ಕಲ್ಲು ಎನ್ನುತ್ತಾರೆ. ಈಗಲೂ ಬೇಸಗೆಯಲ್ಲಿ ಆ ಕೇರಿಯ ನಾಲ್ಕಾರು ಹೆಂಗಸರು ಪೊಟರೆಗೆ ಹೆಣಿಗೆಗೆ ಬರುತ್ತಾರೆ. ಕೂರುವ ಮೊದಲು ಹಿರಿಯಳೊಬ್ಬಳು ಕಲ್ಲಿನ ಕಡೆ ತಿರುಗಿ ಗಟ್ಟಿಯಾಗಿ ಒಂದು ಮಾತು ಕೂಗುತ್ತಾಳೆ. ಮೇಲೆ ಫೋಟೊ ತೆಗೆಯುತ್ತ ನಿಂತವರು ಬಂಡೆಯೊಳಗಿಂದ ಬಂದ ಆ ದನಿಗೆ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಆಡುತ್ತಿದ್ದ ಮಾತು ನಿಲ್ಲಿಸುತ್ತಾರೆ. ಅವಳು ಕೂಗುವುದು ಇಷ್ಟೇ: "ನಾವು ಇಲ್ಲಿದ್ದೀವಿ."