ಚಂದ್ರಿ ಇದ್ದ ದ್ವೀಪ

ಡಂಗುರ ಹೀಗೆ ಸಾರಿತು: "ಕೇಳಿರಪ್ಪೋ ಕೇಳಿ! ಉದ್ದಂಡ ಮಹಾರಾಜರಿಗೆ ಸೇರಿದ ಕೊಕ್ಕರೆ ದ್ವೀಪದ ಗತಿ ನಾಳೆ ತೀರ್ಮಾನವಾಗುತ್ತದೆ. ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ದ್ವೀಪದ ಅಧಿಕಾರ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವರಿಗೆ ತಲೆದಂಡ!"

ದನಗಳ ರೋಗಕ್ಕೆ ಮದ್ದು ಹುಡುಕಲೆಂದು ರಾಜನ ಅಜ್ಜ ಆ ದ್ವೀಪದಲ್ಲಿ ಪಂಡಿತರನ್ನು ಕೂರಿಸಿದ್ದ. ರೋಗ ಬಂದ ದನಗಳನ್ನು ದೋಣಿಯಲ್ಲಿ ಅಲ್ಲಿಗೆ ಸಾಗಿಸುತ್ತಿದ್ದರು. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಅತ್ತ ಕಡೆಯ ಗಾಳಿ ಬೀಸಿ, ರಾಜನ ಪಾಯಸವೂ ಸಗಣಿಯ ವಾಸನೆ ಹೊಡೆಯುತ್ತಿತ್ತು. ಸಾಕಪ್ಪಾ ಸಾಕು, ಯಾರಾದರೂ ತೆಗೆದುಕೊಳ್ಳಲಿ ಎಂದು ರಾಜ ಕೈಯೆತ್ತಿಬಿಟ್ಟ. ರಾಜಕುಮಾರಿ ಚಂಪಕಮಾಲೆ ಮಾತ್ರ ಪಟ್ಟು ಹಿಡಿದಳು. "ಕೊಡೋದಾದರೆ ಒಗಟು ಕೇಳಿಯೇ ಕೊಡೋಣ, ಅಪ್ಪಾಜಿ" ಎಂದಳು.

ಹಳ್ಳಿಯ ಈರಭದ್ರನಿಗೆ ಇದೊಂದೂ ಗೊತ್ತಿರಲಿಲ್ಲ. ಪಾಪ, ಅವನು ಬಂದದ್ದು ತನ್ನ ಎಮ್ಮೆಯನ್ನು ಕೇಳಿಕೊಂಡು. ಕಾಡಿಗೆಯಷ್ಟು ಕಪ್ಪಗಿದ್ದರೂ ಅದಕ್ಕೆ ಚಂದ್ರಿ ಎಂದೇ ಹೆಸರಿಟ್ಟಿದ್ದ. ಅವನಿಗಿದ್ದ ಬದುಕೆಲ್ಲ ಆ ಎಮ್ಮೆಯೇ. ಕಾಲುಬಾಯಿ ಜ್ವರ ಬಂದು ಅದು ದ್ವೀಪ ಸೇರಿತ್ತು. ಮರುದಿನ ಅರಮನೆಯ ಬಾಗಿಲಲ್ಲಿ ಸಾಲು ಕಂಡು ಅವನು ಕಾವಲುಗಾರನನ್ನು ಕೇಳಿದ:

"ಅಣ್ಣಾ, ಇಲ್ಲಿ ನಿಂತ್ರೆ ದ್ವೀಪದಾಗಿರೋ ಎಮ್ಮೆ ಸಿಗ್ತದಾ?"

"ದ್ವೀಪಾನೇ ಸಿಗ್ತದೆ, ನಿಂತ್ಕೋ" ಎಂದ ಕಾವಲುಗಾರ.

ಅವನ ಮುಂದೆ ಮೂವರಿದ್ದರು: ಅಲ್ಲಿ ಕೋಟೆ ಕಟ್ಟಬೇಕೆಂದಿದ್ದ ನೆರೆರಾಜ್ಯದ ರಾಜಕುಮಾರ ರಣಧೀರ, ವಿಹಾರಗೃಹ ಕಟ್ಟಬೇಕೆಂದಿದ್ದ ವರ್ತಕ ಕುಬೇರದಾಸ, ಆಶ್ರಮ ಕಟ್ಟಬೇಕೆಂದಿದ್ದ ಜೋಯಿಸ ತ್ರಿಲೋಕಾಚಾರ್ಯ. ತಲೆದಂಡದ ಮಾತು ಈರಭದ್ರನ ಕಿವಿಗೆ ಬಿದ್ದದ್ದು ಸಭೆಯ ಬಾಗಿಲು ಹಾಕಿದ ಮೇಲೆ. ಅವನ ಜೀವ ಬಾಯಿಗೆ ಬಂತು.

ಚಂಪಕಮಾಲೆ ಮೊದಲ ಒಗಟು ಹೇಳಿದಳು. "ಆ ದ್ವೀಪಕ್ಕೊಬ್ಬ ಕಾವಲುಗಾರ. ಕಣ್ಣಿಲ್ಲ, ನಿದ್ದೆಯಿಲ್ಲ, ಲಂಚಕ್ಕೆ ಬಗ್ಗೋದಿಲ್ಲ. ಒಳಗಿನ ರೋಗವನ್ನು ಹೊರಗೆ ಬಿಡೋದಿಲ್ಲ. ಯಾರವನು?"

ರಣಧೀರ ಮೀಸೆ ತಿರುವಿದ. "ನನ್ನ ಪರಾಕ್ರಮ!"

"ಅದಕ್ಕೆ ಕಣ್ಣಿಲ್ಲ ಅನ್ನೋದೇನೋ ನಿಜ" ಎಂದು ರಾಜಕುಮಾರಿ ಅವನನ್ನು ಪಕ್ಕಕ್ಕೆ ನಿಲ್ಲಿಸಿದಳು. "ನೀನು ಹೇಳಪ್ಪಾ."

"ಹಾಳು ಸಮುದ್ರ ಇರ್ಬೇಕು, ತಾಯೀ" ಎಂದ ಈರಭದ್ರ. "ನಿನ್ನೆ ದಡದಾಗೆ ನಿಂತು ಬೈದೆ, ಅತ್ತೆ, ಕೈಮುಗಿದೆ. ಒಂದು ಹೆಜ್ಜೆ ದಾರಿ ಬಿಡ್ಲಿಲ್ಲ."

"ಸರಿ!" ಎಂದಳು ರಾಜಕುಮಾರಿ.

"ನಾನೂ ಅದನ್ನೇ ಹೇಳೋದರಲ್ಲಿದ್ದೆ" ಎಂದ ಕುಬೇರದಾಸ. "ನಾನೂ" ಎಂದ ಜೋಯಿಸ.

"ಹಾಗಾದರೆ ಎರಡನೆಯದಕ್ಕೆ ವರ್ತಕರೇ ಮೊದಲು ಹೇಳಲಿ. ದ್ವೀಪದಲ್ಲಿ ಬೆವರು ಸುರಿಸಿ ತಯಾರಿಸೋ ಸರಕೊಂದಿದೆ. ಊರೂರಿಗೆ ಹಂಚಿದರೂ ಯಾರ ಕಣ್ಣಿಗೂ ಬೀಳೋದಿಲ್ಲ. ಸಿಕ್ಕವರಿಗೆ ಸಿಕ್ಕಿದ್ದೇ ತಿಳಿಯೋದಿಲ್ಲ, ಸಿಗದವರು ಮಾತ್ರ ಎದೆ ಬಡಿದುಕೊಳ್ಳುತ್ತಾರೆ. ಏನದು?"

"ಗಾಳಿ! ತಂಪಾದ ಸಮುದ್ರದ ಗಾಳಿ!"

"ಆ ಗಾಳಿ ಯಾರ್ಯಾರಿಗೆ ಸಿಕ್ಕಿದೆ ಅಂತ ನನ್ನ ಮೂಗನ್ನ ಕೇಳಯ್ಯಾ" ಎಂದು ರಾಜನೇ ಗದರಿದ. ಕುಬೇರದಾಸ ಹೋಗಿ ರಣಧೀರನ ಪಕ್ಕ ನಿಂತ.

ಈರಭದ್ರನ ತಲೆಯಲ್ಲಿ ಎಮ್ಮೆಯ ಹೊರತು ಬೇರೇನೂ ಇರಲಿಲ್ಲ. "ಚಂದ್ರಿ ಪಕ್ಕದಾಗೆ ನೆರೆಮನೆ ನಿಂಗವ್ವನ ಹಸು ಕಟ್ತಿದ್ರು ತಾಯೀ. ಚಂದ್ರೀನ ದ್ವೀಪಕ್ಕೆ ಸಾಗಿಸಿದ್ರು, ಹಸೂಗೆ ಏನೂ ಆಗ್ಲಿಲ್ಲ. ನಿಂಗವ್ವ ಅದರ ಮಾತೇ ಎತ್ತಲಿಲ್ಲ, ಎಂದಿನಂಗೆ ಹಾಲು ಕರೆದ್ಲು. ನಾನೊಬ್ನೇ ಎದೆ ಬಡ್ಕೊಂಡೆ. ಆ ಸರಕು... ಬಾರದೆ ಹೋದ ರೋಗ ಇರಬೈದಾ?"

ರಾಜಕುಮಾರಿ ಹೌದೆಂದು ತಲೆಯಾಡಿಸಿದಳು.

"ಕೊನೆಯದು. ಆ ದ್ವೀಪ ಒಬ್ಬನ ಕೈಯಲ್ಲಿದ್ದರೆ ಮಾತ್ರ ಉಳಿಯುತ್ತದೆ. ಅವನು ಅದನ್ನು ಬೇಡೋದಿಲ್ಲ. ಆದರೂ ಬಿಟ್ಟು ಕದಲೋದಿಲ್ಲ. ಯಾರವನು?"

ತ್ರಿಲೋಕಾಚಾರ್ಯ ಕಣ್ಣು ಮುಚ್ಚಿ, ಕೊರಳ ಚಿನ್ನದ ಸರ ಸವರಿಕೊಂಡು, "ಆಸೆ ಬಿಟ್ಟವನು. ಅಂದರೆ ನಾನು" ಎಂದ.

"ಆಸೆ ಬಿಟ್ಟವರು ಬೆಳಗಾಗೋ ಮೊದಲೇ ಬಂದು ಸಾಲಲ್ಲಿ ನಿಂತಿದ್ದೇಕೆ?"

ಜೋಯಿಸನೂ ಪಕ್ಕಕ್ಕೆ ಸರಿದ. ಈರಭದ್ರ ಯೋಚಿಸಿದ. ಆಚೆ ಯಾರೋ ಕತ್ತಿ ಮಸೆಯುವ ಸದ್ದು ಕೇಳಿಸಿ ಅವನ ಕಣ್ಣಲ್ಲಿ ನೀರು ಬಂತು.

"ಗೊತ್ತಿಲ್ಲ ತಾಯೀ. ನಾನು ತಪ್ಪು ಸಾಲಿನಾಗೆ ನಿಂತೋನು. ದ್ವೀಪ ನಂಗೆ ಬ್ಯಾಡ, ಯಾರಿಗಾದ್ರೂ ಕೊಡಿ. ತಲೆ ತೆಗೆಯೋ ಮುಂಚೆ ಒಂದೇ ಒಂದು ಸಲ ಚಂದ್ರಿ ಹತ್ರ ಬಿಡಿ. ಆದ್ರೆ ಈಗ್ಲೇ ಹೇಳಿರ್ತೀನಿ, ಅವಳಿಗೆ ವಾಸಿಯಾಗೋಗಂಟ ನಾನಂತೂ ಅಲ್ಲಿಂದ ಕದಲೋನಲ್ಲ!"

ಚಂಪಕಮಾಲೆ ಬಿದ್ದು ಬಿದ್ದು ನಕ್ಕಳು. "ಅಪ್ಪಾಜಿ, ಕೇಳಿದಿರಾ? ಗೊತ್ತಿಲ್ಲ ಅಂತಲೇ ಉತ್ತರ ಹೇಳಿಬಿಟ್ಟ! ರೋಗ ದಾಟದಂತೆ ಕಾಯೋದು ಸಮುದ್ರ, ಅದಕ್ಕೇ ಅಜ್ಜ ಆ ಜಾಗ ಆರಿಸಿದ್ದು. ಅಲ್ಲಿ ತಯಾರಾಗೋ ಸರಕು ಬಾರದೆ ಹೋದ ರೋಗ, ಅದಕ್ಕೇ ಅದರ ಬೆಲೆ ನಮಗೆ ತಿಳಿಯಲಿಲ್ಲ. ಇನ್ನು ದ್ವೀಪ ಕಾಯಬೇಕಾದವನು ತನ್ನ ಜೀವದಂಥ ಪ್ರಾಣಿ ಅಲ್ಲಿ ಮಲಗಿರುವವನು. ಇಗೋ, ನಿಮ್ಮ ಮುಂದೆಯೇ ಅಳುತ್ತಿದ್ದಾನೆ."

ರಾಜ ನಿಟ್ಟುಸಿರಿಟ್ಟ. ಪಾಯಸದ ಗತಿ ಅವನಿಗೆ ಅರ್ಥವಾಗಿತ್ತು. "ದ್ವೀಪ ನಿನ್ನದಪ್ಪಾ, ಪಂಡಿತರೂ ಅಲ್ಲೇ ಇರಲಿ. ವರ ಏನು ಬೇಕು? ಎಮ್ಮೆ ತಾನೆ?"

"ಎಮ್ಮೆ ವಾಸಿಯಾದ್ಮೇಲೆ ತಾನಾಗೇ ಬರ್ತದೆ, ಬುದ್ಧೀ" ಎಂದ ಈರಭದ್ರ. ಮೂಲೆಯಲ್ಲಿ ನಡುಗುತ್ತಿದ್ದ ಮೂವರನ್ನು ನೋಡಿದ. "ಇವ್ರ ತಲೆ ತಗೊಂಡು ನೀವೇನು ಮಾಡ್ತೀರಿ? ಆರು ಕೈ ನಂಗೆ ಕೊಡಿ. ಅಲ್ಲಿ ಸಗಣಿ ಬಾಚೋರಿಲ್ಲ."

ಸಂಜೆಯ ದೋಣಿಯಲ್ಲಿ ನಾಲ್ವರೂ ಹೊರಟರು. ದ್ವೀಪದ ದಡದಲ್ಲಿ ಚಂದ್ರಿ ಅವನನ್ನು ಕಂಡು ಒಂದು ಸಲ ಕೂಗಿ, ಮತ್ತೆ ಮೇವಿಗೆ ಬಾಯಿ ಹಾಕಿತು. ಮೇವು ತಿನ್ನುತ್ತಿದೆ ಎಂಬುದನ್ನು ಕಂಡೇ ಈರಭದ್ರ ಅದರ ಕೊರಳು ತಬ್ಬಿಕೊಂಡು ಗೊಳೋ ಎಂದು ಅತ್ತ.

ಅಂದಿನಿಂದ ಸೀಮೆಯ ದನಗಳು ಸುಖವಾಗಿದ್ದವು. ಅದನ್ನು ಯಾರೂ ಗಮನಿಸಲಿಲ್ಲ. ಊಟದ ಹೊತ್ತಿಗೆ ಗಾಳಿ ಬೀಸಿದರೆ ಮಾತ್ರ ಮಹಾರಾಜ ಮರುಮಾತಾಡದೆ ತಾನೇ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದ.