ದೂರ ಹೊಡೆಯುವ ಕೋವಿ

"ಗುರುಗಳೇ, ದೂರದಲ್ಲಿರುವವರ ಎದೆಗೂ ನಾಟುವಂತೆ ಮಾತನಾಡುವುದು ಹೇಗೆ?" ಎಂದು ಮರುಳಯ್ಯ ಕೇಳಿದ.

ಅವನ ಓದು ಮುಗಿದಿತ್ತು. ಮರುದಿನ ಮಠ ಬಿಟ್ಟು, ಊರೂರು ತಿರುಗಿ ಜನರ ತಪ್ಪು ತಿದ್ದಬೇಕೆಂದು ಹೊರಟಿದ್ದ. ಅವನ ನಾಲಗೆ ಹರಿತವಾಗಿತ್ತು. ಅದು ಅವನಿಗೂ ಗೊತ್ತಿತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಒಬ್ಬ ಬೇಟೆಗಾರನಿದ್ದ. ಚಳಿಗಾಲದಲ್ಲಿ ಆ ಕೆರೆಗೆ ಕಾಡುಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತಿದ್ದವು. ಅವನ ಮನೆಯ ಒಲೆ ಉರಿಯುತ್ತಿದ್ದುದು ಅವುಗಳಿಂದಲೇ. ಒಂದು ವರ್ಷ ಅವನ ಹಳೆಯ ಕೋವಿಯ ನಳಿಗೆ ಸೀಳಿಹೋಯಿತು. ಹಕ್ಕಿಗಳು ಬರುವ ಮೊದಲೇ ಹೊಸದನ್ನು ಕೊಳ್ಳಬೇಕೆಂದು ಅವನು ಪೇಟೆಗೆ ಹೋದ.

ಕೋವಿಯ ವ್ಯಾಪಾರಿ ಎರಡು ಕೋವಿಗಳನ್ನು ಅವನ ಮುಂದಿಟ್ಟ. ಒಂದರ ನಳಿಗೆ ಉದ್ದ, ಬಾಯಿ ಬಿಗಿ. ಅದರಿಂದ ಸಿಡಿಯುವ ಸಣ್ಣ ಚರೆಗುಂಡುಗಳು ಚದುರದೆ ಬಹುದೂರ ಹೋಗುತ್ತಿದ್ದವು. ಇನ್ನೊಂದರ ನಳಿಗೆ ಗಿಡ್ಡ, ಬಾಯಿ ಸಡಿಲ. ಅದರ ಚರೆಗಳು ಹತ್ತಿರದಲ್ಲೇ ಹರಡಿಕೊಳ್ಳುತ್ತಿದ್ದವು. ದೂರದ ಹಕ್ಕಿಗೆ ಅದು ಕೆಲಸಕ್ಕೆ ಬಾರದು.

"ಎಷ್ಟು ದೂರ ಹೊಡೆಯಬೇಕಪ್ಪ ನಿನಗೆ?" ಎಂದು ವ್ಯಾಪಾರಿ ಕೇಳಿದ.

"ಎಷ್ಟು ದೂರ ಆಗುತ್ತದೋ ಅಷ್ಟು ದೂರ, ಶೆಟ್ಟರೇ. ಹೋದ ವರ್ಷ ಎಷ್ಟೋ ಹಿಂಡುಗಳು ಕಣ್ಣೆದುರೇ ಕೈತಪ್ಪಿ ಹೋದವು."

ಅವನು ಉದ್ದನೆಯ ಕೋವಿಯನ್ನೇ ಹೆಗಲಿಗೇರಿಸಿಕೊಂಡು ಬಂದ.

ಹಕ್ಕಿಗಳು ಬಂದವು. ಮೊದಲ ಬೆಳಗ್ಗೆಯೇ ಅವನು ದಂಡೆಯಲ್ಲಿ ನಿಂತು, ಕೆರೆಯ ನಡುವೆ ಹಾರುತ್ತಿದ್ದ ಹಿಂಡಿಗೆ ಈಡು ಹಾರಿಸಿದ. ಒಂದು ಬಾತು ಉರುಳಿತು. ಇಷ್ಟು ದೂರದ ಹಕ್ಕಿಯನ್ನು ಅವನು ಎಂದೂ ಹೊಡೆದಿರಲಿಲ್ಲ. ಸಂತೋಷದಿಂದ ಕೂಗಿಕೊಂಡ. ಆದರೆ ಹಕ್ಕಿ ಸತ್ತಿರಲಿಲ್ಲ. ಒಂದು ರೆಕ್ಕೆ ಮುರಿದು ನೀರನ್ನು ಬಡಿಯುತ್ತಿತ್ತು. ಮತ್ತೆ ಗುರಿಯಿಡುವಷ್ಟರಲ್ಲಿ ಅದು ಜೊಂಡಿನ ಮರೆಗೆ ಸರಿಯಿತು.

ಅವನಿಗೆ ಈಜು ಬಾರದು. ಆದರೂ ನೀರಿಗಿಳಿದ. ನೀರು ಎದೆಗೆ ಬಂತು. ಇನ್ನೊಂದು ಹೆಜ್ಜೆ ಇಟ್ಟಾಗ ಕಾಲು ಕೆಸರಿನಲ್ಲಿ ಹೂತು, ನೀರು ಮೂಗಿಗೇರಿತು. ಕೈಗೆ ಸಿಕ್ಕ ಜೊಂಡನ್ನು ಹಿಡಿದು ಹೇಗೋ ಜೀವ ಉಳಿಸಿಕೊಂಡು ದಂಡೆಗೆ ಬಂದ. ರೆಕ್ಕೆ ಬಡಿಯುವ ಸದ್ದು ಮಧ್ಯಾಹ್ನದವರೆಗೂ ಕೇಳಿಸುತ್ತಲೇ ಇತ್ತು. ಅವನು ಎದ್ದು ಹೋಗಲಾರದೆ ಅಲ್ಲೇ ಕುಳಿತಿದ್ದ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಈಡಿನ ಸದ್ದು ಇಲ್ಲಿಗೂ ಕೇಳಿಸಿತು. ಹಕ್ಕಿ ಎಲ್ಲಿ?"

ಅವನು ಕೆರೆಯ ಕಡೆಗೆ ಕೈ ತೋರಿಸಿದ. ಆ ದಿನ ಅವನಿಗೆ ಊಟ ಸೇರಲಿಲ್ಲ.

ಬೆಳಗಾಗುತ್ತಲೇ ಕೋವಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಪೇಟೆಗೆ ನಡೆದ.

"ಯಾಕಪ್ಪ, ಗುರಿ ತಪ್ಪಿತೇ?" ಎಂದ ವ್ಯಾಪಾರಿ.

"ಇಲ್ಲ ಶೆಟ್ಟರೇ, ಗುರಿ ತಪ್ಪಲಿಲ್ಲ. ನಾನು ನಡೆದು ಹೋಗಬಲ್ಲದ್ದು ಎದೆಮಟ್ಟದ ನೀರಿನವರೆಗೆ. ಅಲ್ಲಿಯವರೆಗೆ ಹೊಡೆಯುವ ಕೋವಿ ಕೊಡಿ."

ಗಿಡ್ಡ ಕೋವಿ ಹಿಡಿದ ಮೇಲೆ ಅವನ ಕೆಲಸ ಸುಲಭವಾಗಲಿಲ್ಲ. ಜೊಂಡಿನ ನಡುವೆ ಸೊಂಟದವರೆಗಿನ ತಣ್ಣನೆಯ ನೀರಿನಲ್ಲಿ ಅಲುಗಾಡದೆ ನಿಲ್ಲಬೇಕಾಯಿತು. ಎಷ್ಟೋ ದಿನ ಬರಿಗೈಯಲ್ಲಿ ಮರಳಿದ. ಬರಬರುತ್ತಾ ಹಕ್ಕಿಗಳಿಗೆ ಅವನು ಅಲ್ಲಿರುವುದೇ ಮರೆತುಹೋಯಿತು. ಅವು ಹತ್ತಿರ ಬರತೊಡಗಿದವು. ಆ ಚಳಿಗಾಲದಲ್ಲಿ ಅವನ ಒಲೆ ಆರಲಿಲ್ಲ. ಅವನು ಹೊಡೆದ ಒಂದು ಹಕ್ಕಿಯೂ ಕೆರೆಯಲ್ಲಿ ನರಳುತ್ತಾ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ದೂರದಲ್ಲಿ ಹಾರುತ್ತಿದ್ದ ಹಿಂಡುಗಳು?" ಎಂದು ಮರುಳಯ್ಯ ಕೇಳಿದ.

"ಹಾರಿಹೋದವು," ಎಂದರು ಗುರುಗಳು. ಆಮೇಲೆ ಅವನ ಮುಖ ನೋಡಿ ಕೇಳಿದರು:

"ನಿನ್ನ ಮಾತು ತಗುಲಿದವನ ಮನೆಯವರೆಗೆ ನೀನು ನಡೆದು ಹೋಗಬಲ್ಲೆಯಾ?"