ನಾಚಿದವನ ಕಲ್ಲು

ಇದನ್ನು ಬರೆಯುತ್ತಿರುವ ಕೈ ಹೊಸದು. ಹಿರಿಯರು ಹೇಳಿದಷ್ಟು ಚೆಂದವಾಗಿ ಬಂದಿಲ್ಲ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಘಟ್ಟ ಹತ್ತಿ ಮುಗಿದ ಮೇಲೆ ಸಿಗುವ ಎತ್ತರದ ಬಯಲಿನಲ್ಲಿ ಬಾನಗಡ ಎಂಬ ಪಟ್ಟಣವಿದೆ. ಸುತ್ತ ಹತ್ತು ಹರದಾರಿ ಬೇರೆ ಊರಿಲ್ಲ. ಆದ್ದರಿಂದ ದೂರದ ಬಸ್ಸುಗಳು ಇಲ್ಲಿ ಅರ್ಧ ಗಂಟೆ ನಿಲ್ಲುತ್ತವೆ. ಇಳಿದವರಿಗೆ ಮೊದಲು ಕಾಣುವುದು ಎರಡು ಕಂಬಗಳ ಮೇಲೆ ಅಡ್ಡ ಮಲಗಿಸಿದ ಚಪ್ಪಡಿ. ಬಿದ್ದುಹೋದ ಗುಡಿಯ ಬಾಗಿಲೆಂದು ಕೆಲವರು ಕೈ ಮುಗಿಯುವುದೂ ಉಂಟು. ಅದು ಬಾಗಿಲಲ್ಲ, ಹೊರೆಗಲ್ಲು. ಹೊರೆಗಲ್ಲೆಂದರೆ, ತಲೆಹೊರೆ ಹೊತ್ತವರು ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನು ಸರಿಸಿಟ್ಟು ದಣಿವಾರಿಸಿಕೊಳ್ಳುವ ಕಲ್ಲು. ಊರಿನವರು ಇದನ್ನು ನಾಚಿದವನ ಕಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ ಸಾಂತಪ್ಪ ಶೆಟ್ಟಿ ಎಂಬ ಉಪ್ಪಿನ ವ್ಯಾಪಾರಿ ಕೆಳಸೀಮೆಯಿಂದ ಹೇರೆತ್ತುಗಳನ್ನು ಹೊಡೆದುಕೊಂಡು ಇಲ್ಲಿಗೆ ಬಂದನಂತೆ. ಒಂದು ಹಗಲು ತಂಗಿ ಮುಂದೆ ಹೋಗುವುದು ಅವನ ಎಣಿಕೆ. ಆಗ ಊರಲ್ಲಿ ಹೊರೆಗಲ್ಲಿರಲಿಲ್ಲ, ಯಾಕೆಂದರೆ ಬೇಕಾಗಿರಲಿಲ್ಲ. ಹೊರೆ ಹೊತ್ತವರು ಎದುರಿಗೆ ಬಂದು ಸುಮ್ಮನೆ ನಿಂತರೆ ಸಾಕು, ಕೂತವರು ಎದ್ದು ಇಳಿಸಬೇಕು. ಬಾಯಿಬಿಟ್ಟು ಕೇಳಿದರೆ ಅದು ಕೂತವರಿಗೆ ಅವಮಾನ. ಶೆಟ್ಟಿಗೆ ಈ ರೂಢಿ ತಿಳಿಯದು. ಮಟಮಟ ಮಧ್ಯಾಹ್ನ ಊರಬಾಗಿಲ ಚಪ್ಪಡಿಯ ಮೇಲೆ ಕೂತು ಅವಲಕ್ಕಿಯ ಗಂಟು ಬಿಚ್ಚಿದ್ದ. ಹಸಿಹುಲ್ಲಿನ ದೊಡ್ಡ ಹೊರೆ ಹೊತ್ತ ಹೆಂಗಸೊಬ್ಬಳು ಬಂದು ಎದುರಿಗೆ ನಿಂತಳು. ತನ್ನ ಊಟದ ಮೇಲೆ ಕಣ್ಣು ಹಾಕಿದ್ದಾಳೆಂದು ಶೆಟ್ಟಿ ಗಂಟನ್ನು ಮಡಿಲಿಗೆ ಎಳೆದುಕೊಂಡು ಪಕ್ಕಕ್ಕೆ ತಿರುಗಿದ. ಅವಳೂ ತಿರುಗಿ ಎದುರಿಗೇ ಬಂದಳು.

“ಉಂಡು ಮಿಕ್ಕರೆ ಕೊಡ್ತೇನೆ, ಆಚೆ ನಿಲ್ಲು” ಎಂದ.

ಅವಳ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಶೆಟ್ಟಿ ಬೇಕೆಂದೇ ನಿಧಾನವಾಗಿ ಉಂಡ. ಆಡಿದ ಮಾತಿಗಿಂತ ಹೀಗೆ ಉಂಡದ್ದೇ ಅವನನ್ನು ಕೊನೆಯವರೆಗೂ ಸುಟ್ಟಿತು ಎನ್ನುತ್ತಾರೆ. ಅಷ್ಟರಲ್ಲಿ ಊರಹಿರಿಯ ಚನ್ನಮಲ್ಲಗೌಡ ಓಡಿಬಂದು ಹೊರೆ ಇಳಿಸಿದ.

“ನಿಮ್ಮ ಸೀಮಿಯಾಗ ಭಿಕ್ಷಾ ಬೇಡೋರು ಮಣಭಾರ ಹೊತ್ತು ಬರ್ತಾರೇನ್ರಿ ಶೆಟ್ಟರ?” ಎಂದು ಗೌಡ ಕೇಳಿದ್ದಕ್ಕೆ ಸುತ್ತ ನಿಂತವರು ನಕ್ಕರು. ಆ ನಗುವನ್ನಾದರೂ ಶೆಟ್ಟಿ ತಡೆದುಕೊಳ್ಳುತ್ತಿದ್ದ. ಆದರೆ ಆ ಹೆಂಗಸು, ದುರುಗವ್ವ ಎಂದು ಅವಳ ಹೆಸರು, ಕುತ್ತಿಗೆ ನೀವಿಕೊಳ್ಳುತ್ತ ಹೇಳಿದಳು:

“ನಿಮ್ಮ ಎತ್ತಿಗೇ ತಂದದ್ದರಿ ಯಣ್ಣಾ. ಹಸಿ ಐತಿ, ಚೂರು ಆರಿಸಿ ಹಾಕ್ರಿ.”

ಪರಸ್ಥಳದವರ ಎತ್ತುಗಳಿಗೆ ಸರದಿಯ ಮೇಲೆ ಹುಲ್ಲು ಹಾಕುವುದು ಆ ಊರಿನ ಕ್ರಮ. ಅಂದು ಅವಳ ಮನೆಯ ಸರದಿ. ಶೆಟ್ಟಿ ಅವಲಕ್ಕಿಯ ಗಂಟನ್ನು ಕಟ್ಟಿ ಎದ್ದ. ಆ ಗಳಿಗೆಯೇ ಊರು ಬಿಟ್ಟು ಮುಖ ಮರೆಸಿಕೊಳ್ಳೋಣವೆಂದರೆ ಎತ್ತುಗಳು ಆ ಹುಲ್ಲು ಬಿಟ್ಟು ಏಳಲಿಲ್ಲ. ಸಂಜೆಯವರೆಗೂ ಅವು ಮೇಯುವ ಸಪ್ಪಳ ಕೇಳುತ್ತ ಕೂತ. ಕ್ಷಮೆ ಕೇಳಲು ಹೋದರೆ ದುರುಗವ್ವ, ಗೊತ್ತಿಲ್ಲದವರದು ತಪ್ಪೇನು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಮರುದಿನ ಅವನು ಹೊರಡಲಿಲ್ಲ. ತಾನು ಕೂತಿದ್ದ ಚಪ್ಪಡಿಯನ್ನೇ ಕೀಳಿಸಿ, ದುರುಗವ್ವನ ತಲೆಯ ಎತ್ತರಕ್ಕೆ ಎರಡು ಕಂಬ ನಿಲ್ಲಿಸಿ, ಅವುಗಳ ಮೇಲೆ ಮಲಗಿಸಿದ. ಹೆಸರು ಕೆತ್ತಿಸಲೇ ಎಂದು ಗೌಡ ಕೇಳಿದಾಗ ಬೇಡವೆಂದು ಕೈ ಮುಗಿದ. ಹೆಸರಿಲ್ಲದ ಕಲ್ಲಿಗೆ ಜನ ತಾವೇ ಹೆಸರಿಟ್ಟರು.

ಇಂದಿಗೂ ಅಲ್ಲಿ ಕೂರಲು ಜಾಗವಿಲ್ಲ; ಬಸ್ಸಿನವರು ಗೊಣಗುತ್ತ ನಿಂತೇ ತಿನ್ನುತ್ತಾರೆ. ಹೊರೆ ಇಟ್ಟು ಸವೆದ ಮೇಲ್ಮೈ ಎಲ್ಲರಿಗೂ ಕಾಣುತ್ತದೆ. ಕೆಳಮೈಯೂ ನುಣುಪಾಗಿದೆ, ಅದು ಕೂತು ಸವೆದದ್ದು. ನೋಡಬೇಕಾದರೆ ತಲೆ ತಗ್ಗಿಸಿ ಒಳಗೆ ಹೋಗಬೇಕು. ಕೂತ ಮೈಯನ್ನೇ ಶೆಟ್ಟಿ ಕೆಳಗೆ ಮಾಡಿಸಿದ್ದು ಯಾಕೆಂದರೆ, ಅವನು... ಹೊರಗಿನಿಂದ ಯಾರೋ ನನ್ನನ್ನು ಕರೆಯುತ್ತಿದ್ದಾರೆ. ಬಸ್ಸಿನ ಮೇಲಿಂದ ಮೂಟೆ ಇಳಿಸಲು ಒಬ್ಬರು ಕಡಿಮೆಯಂತೆ. ಎದ್ದೆ.